ಚುನಾವಣಾ ನೀತಿಸಂಹಿತೆ ಮತ್ತು ವರ್ತಕರ ನಗದು

ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಿಗೆ 2023ರ ಮೇ 10ರಂದು ಮತದಾನ ನಡೆಯಿತು. ನೀತಿಸಂಹಿತೆಯಾದರೋ ವೇಳಾಪಟ್ಟಿ ಪ್ರಕಟವಾದ ಮಾರ್ಚ್ 29ರಂದೇ ಜಾರಿಗೆ ಬಂದಿತ್ತು. ಅಂತಹ ಅವಧಿಯಲ್ಲಿ ಜಿಲ್ಲಾ ಗಡಿಗಳ ತಪಾಸಣಾ ಠಾಣೆಗಳನ್ನು ದಾಟುವುದು ವರ್ತಕರಿಗೆ ಪ್ರಯಾಸದ ಕೆಲಸ.

ರೂ. 50,000 ಮೀರಿದ ನಗದನ್ನು ಒಯ್ಯುವುದೇ ಅಪರಾಧವೆಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಆಯೋಗದ ಸೂಚನೆಯಲ್ಲಿ ಈ ಮಿತಿಯು ಅಭ್ಯರ್ಥಿ, ಆತನ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತರಿರುವ ವಾಹನವನ್ನು ಕುರಿತದ್ದು. ಆದರೆ ರಸ್ತೆಯಲ್ಲಿ ವಾದ ನಡೆಯದು, ದಾಖಲೆ ನಡೆಯುತ್ತದೆ. ಬಾಕಿ ವಸೂಲಿಗೆ ಹೋದ ಗುಮಾಸ್ತನ ಬಳಿ ರಶೀದಿಗಳ ನಕಲು, ಸಂಸ್ಥೆಯ ಅಧಿಕಾರ ಪತ್ರ, ಬ್ಯಾಂಕಿನಿಂದ ತೆಗೆದ ಹಣವಾದರೆ ಪಾಸ್‌ಬುಕ್ಕಿನ ನಮೂದು ಇರತಕ್ಕದ್ದು. ನಗದು ಪುಸ್ತಕವನ್ನು ಅಂದಂದೇ ಬರೆದಿರಬೇಕು. ಜಪ್ತಿಯ ಮರುದಿನ ಬರೆದ ಪುಟವನ್ನು ಯಾರೂ ನಂಬರು.

ಜಪ್ತಿಯಾದಲ್ಲಿ ಜಿಲ್ಲೆಯ ಮೂವರು ಅಧಿಕಾರಿಗಳ ಸಮಿತಿಗೆ ಮನವಿ ಸಲ್ಲಿಸಬಹುದು. ಮೊಕದ್ದಮೆ ದಾಖಲಾಗದ, ಚುನಾವಣೆಗೆ ಸಂಬಂಧಿಸದ ಹಣವನ್ನು ಸಮಿತಿ ಬಿಡುಗಡೆ ಮಾಡಬೇಕು. ಮತದಾನವಾಗಿ 7 ದಿನ ಮೀರಿ ಅದನ್ನು ಖಜಾನೆಯಲ್ಲಿ ಇರಿಸುವಂತಿಲ್ಲ. ಮೊತ್ತ 10 ಲಕ್ಷ ಮೀರಿದ್ದರೆ ಬಿಡುಗಡೆಗೆ ಮುನ್ನ ಆದಾಯ ತೆರಿಗೆ ಅಧಿಕಾರಿಗೆ ತಿಳಿಸಲಾಗುತ್ತದೆ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆದಿದ್ದರೆ ಅದು ಹೊರಬೀಳುವುದು ಆಗಲೇ. ದಂಡ, ಪಡೆದಷ್ಟೇ ಮೊತ್ತ.