ಹತ್ತನೆಯ ತಲೆ

(ಬಾನುಲಿ ಭಾಷಣ)

ಹತ್ತು ಮಂದಿ ಹೊಳೆ ದಾಟಿದ ಕಥೆಯನ್ನು ಕೇಳದವರು ವಿರಳ. ಆಚೆಯ ದಡ ಸೇರಿದೊಡನೆ ಒಬ್ಬೊಬ್ಬನೂ ತನ್ನ ಸಂಗಡಿಗರನ್ನು ಎಣಿಸಿದನು. ಪ್ರತಿ ಸಲವೂ ಒಂಬತ್ತೇ ಬಂದಿತು. ಹತ್ತನೆಯವನು ಮುಳುಗಿದನೆಂದು ಎಲ್ಲರೂ ಗೋಳಿಟ್ಟರು. ಎಣಿಸುವವನು ತನ್ನನ್ನೇ ಬಿಟ್ಟಿದ್ದಾನೆಂಬುದನ್ನು ದಾರಿಹೋಕನೊಬ್ಬನು ತೋರಿಸಿಕೊಡಬೇಕಾಯಿತು. ವೇದಾಂತಿಗಳು ಇದನ್ನು ಆತ್ಮಜ್ಞಾನಕ್ಕೆ ದೃಷ್ಟಾಂತವಾಗಿ ಬಳಸಿದರು. ನಾನು ಇಂದು ಅದನ್ನು ಅಡುಗೆಮನೆಯವರೆಗೆ ಕರೆತರಬಯಸುತ್ತೇನೆ.

ಘಟಪ್ರಭೆಯ ಸೀಮೆಯ ಮಸಗುಪ್ಪಿಯಲ್ಲಿ ಒಮ್ಮೆ ಪರಿಚಿತರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮನೆಯೊಡತಿ, “ಮಾವಗ ಎರಡು, ಹುಡುಗರಿಗೆ ಮೂರು, ಹೊಲದವರಿಗೆ ನಾಕು” ಎಂದು ಎಣಿಸುತ್ತಿದ್ದಳು. “ನಿನಗೆಷ್ಟು, ತಾಯಿ?” ಎಂದು ಕೇಳಿದೆ. ಆಕೆ ನಕ್ಕು, “ಉಳದದ್ದು ನಂದ ಅಲ್ರೀ” ಎಂದಳು. ಆ ಮಾತಿನಲ್ಲಿ ದುಃಖವಿರಲಿಲ್ಲ. ನನ್ನನ್ನು ಕಾಡಿದುದು ಅದೇ. ನನ್ನ ಮನೆಯಲ್ಲಿಯೂ ಮೂವತ್ತು ವರ್ಷ ಇದೇ ಲೆಕ್ಕ ನಡೆದಿತ್ತು. ತರಗತಿಯಲ್ಲಿ ಕರುಣರಸವನ್ನು ವಿವರಿಸುತ್ತಿದ್ದ ನನಗೆ ಅದು ಕಂಡಿರಲಿಲ್ಲ.

ಈ ಲೆಕ್ಕದ ಬೆಲೆಯನ್ನು ದೇಹ ತೆರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಮುಟ್ಟು, ಹೆರಿಗೆ, ಜಂತುಹುಳುಗಳಂಥ ಕಾರಣಗಳೂ ಉಂಟು. ಆದರೆ ಕೊನೆಯ ಪಂಕ್ತಿಗೆ ಉಳಿಯುವ ತಿಳಿಸಾರು ಆ ಕೊರತೆಯನ್ನು ತುಂಬಲಾರದು. ರಕ್ತದಲ್ಲಿ ಕಬ್ಬಿಣದ ಅಂಶ ಕುಗ್ಗಿದರೆ ಅಂಗಾಂಗಗಳಿಗೆ ಪ್ರಾಣವಾಯು ಸಾಲದೆ ದಣಿವು, ಏದುಸಿರು, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಅದನ್ನು ನಾವು ‘ಮೈಗಳ್ಳತನ’ವೆಂದು ಕರೆದುಬಿಡುತ್ತೇವೆ!

‘ತನ್ನ ಸುಖವನ್ನು ತಾನೇ ನೋಡಿಕೊಳ್ಳುವುದು ಸ್ವಾರ್ಥವಲ್ಲವೆ?’ ಎಂಬ ಶಂಕೆ ಸಹಜವಾದುದೇ. ಇದಕ್ಕೆ ಸಮಾಧಾನವನ್ನು ವಾಗ್ಭಟನ ಅಷ್ಟಾಂಗಹೃದಯದಲ್ಲಿ ನಾನು ಕಂಡೆ. ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಆತನು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುತ್ತಾನೆ. ಮಲಮೂತ್ರಗಳೊಡನೆ ಹಸಿವು, ನೀರಡಿಕೆ, ನಿದ್ರೆ, ದಣಿದಾಗಿನ ಉಸಿರು ಅಲ್ಲಿವೆ, ಕಣ್ಣೀರೂ ಇದೆ. ಅದೇ ಅಧ್ಯಾಯದಲ್ಲಿ ಮುಂದುವರಿದು, ಲೋಭ, ಈರ್ಷ್ಯೆ, ದ್ವೇಷ, ಮಾತ್ಸರ್ಯಗಳನ್ನು ತಡೆಯಬೇಕೆನ್ನುತ್ತಾನೆ. ಸ್ವಾರ್ಥಕ್ಕೂ ಆತ್ಮಪ್ರೀತಿಗೂ ನಡುವಣ ಗೆರೆ ಇದೇ. ಪರರ ಪಾಲನ್ನು ಬಯಸುವುದು ಲೋಭ. ತನ್ನ ಹಸಿವನ್ನು ಹಸಿವೆಂದು ಒಪ್ಪಿಕೊಳ್ಳುವುದು ಲೋಭವಲ್ಲ. ನಾವಾದರೋ ಹಲವೆಡೆ ತದ್ವಿರುದ್ಧವಾಗಿ ನಡೆದಿದ್ದೇವೆ: ಹಸಿವನ್ನು ತಡೆದು, ಈರ್ಷ್ಯೆಯನ್ನು ಹರಿಯಬಿಟ್ಟಿದ್ದೇವೆ.

ನಮ್ಮ ರೈತರಿಗೆ ಈ ವಿವೇಕ ಹೊಸದೇನಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವೇರಿಸುವುದಿಲ್ಲ. ಅದು ಬಸವಣ್ಣನ ವಾರ. ಕಾರಹುಣ್ಣಿಮೆಗೆ ಅದರ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುತ್ತಾರೆ. ದುಡಿಯುವ ಜೀವಕ್ಕೆ ಬಿಡುವು ಬೇಕೆಂಬ ಅರಿವು ಕೊಟ್ಟಿಗೆಗೆ ಬಂದಿದೆ, ಒಲೆಯ ಬಳಿಗೆ ಇನ್ನೂ ಬಂದಿಲ್ಲ. ಒಲೆಗೆ ಯಾವ ಸೋಮವಾರ?

ಹಾಗಾದರೆ ಮಾಡಬೇಕಾದುದೇನು? ದೊಡ್ಡ ವ್ರತವೇನೂ ಬೇಡ. ರೊಟ್ಟಿ ಎಣಿಸುವಾಗ ತನ್ನ ಹೆಸರನ್ನೂ ಸೇರಿಸಿ, ತನ್ನ ಪಾಲಿನ ಪಲ್ಯವನ್ನೂ ಕಾಳನ್ನೂ ಮೊದಲೇ ತೆಗೆದಿರಿಸುವುದು. ಊಟದೊಡನೆ ಲಿಂಬೆಯ ಹುಳಿ ಹಿಂಡಿಕೊಂಡರೆ ಸೊಪ್ಪುಕಾಳುಗಳ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅಡ್ಡಿಯಾಗುತ್ತದೆ. ದಣಿವು ವಾರಗಟ್ಟಲೆ ಬಿಡದಿದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸುವುದು. ನಿದ್ದೆ ಬಂದಾಗ ಮಲಗುವುದು, ಅಳು ಬಂದಾಗ ಅಳುವುದು, ಆಗದ ಕೆಲಸವನ್ನು ಆಗದೆಂದು ಹೇಳುವುದು.

ಆದರೆ ಇಷ್ಟನ್ನೂ ಆಕೆಯೊಬ್ಬಳ ಹೆಗಲಿಗೇ ಹೊರಿಸಿದರೆ ಅದೂ ಒಂದು ನೊಗವಾದೀತು. ಕಥೆಯಲ್ಲಿ ಹತ್ತನೆಯವನನ್ನು ತೋರಿಸಿಕೊಟ್ಟವನು ದಾರಿಹೋಕನೆಂಬುದನ್ನು ಮರೆಯಬಾರದು. ಮನೆಯಲ್ಲಿ ಆ ದಾರಿಹೋಕನು ಗಂಡನಾಗಬೇಕು, ಮಗನಾಗಬೇಕು. ತಟ್ಟೆಯ ಮುಂದೆ ಕುಳಿತವನು ತುತ್ತೆತ್ತುವ ಮೊದಲು, “ನಿನಗೆಷ್ಟು ಇಟ್ಟುಕೊಂಡೆ?” ಎಂದು ಕೇಳಲಿ, ಬುಟ್ಟಿಯನ್ನು ಒಮ್ಮೆ ನೋಡಲಿ. ನಾನು ಆ ಪ್ರಶ್ನೆಯನ್ನು ಕೇಳಲು ಕಲಿತದ್ದು ತಡವಾಗಿ. ಕೇಳುಗರೇ, ನೀವು ಇಂದಿನ ರಾತ್ರಿಯ ಊಟಕ್ಕೇ ಕೇಳಬಹುದು.