ಮನೆಬಾಗಿಲಿಗೆ ದಂತ ನೈರ್ಮಲ್ಯ ಸೇವೆ: ಸಂಚಾರಿ ಘಟಕದ ನಿರ್ವಹಣೆ ಮತ್ತು ಮುಂದುವರಿದ ಶಿಕ್ಷಣ

ಹಲ್ಲು ಮತ್ತು ವಸಡಿನ ಕಾಯಿಲೆಗಳು ಮಾನವರನ್ನು ಬಾಧಿಸುವ ಅತಿ ಸಾಮಾನ್ಯ ಕಾಯಿಲೆಗಳ ಸಾಲಿಗೆ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರು ಬಾಯಿಗೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆಯಿಂದ ಬಳಲುತ್ತಿದ್ದಾರೆ. ಇವುಗಳಲ್ಲಿ ಬಹುಪಾಲನ್ನು ತಡೆಗಟ್ಟುವುದು ಸಾಧ್ಯ. ಆದರೆ ನೋವು ಸಹಿಸಲಾರದಷ್ಟು ಹೆಚ್ಚಾಗುವವರೆಗೆ ದಂತವೈದ್ಯರ ಬಳಿಗೆ ಹೋಗದಿರುವುದು ನಮ್ಮಲ್ಲಿ ಸಾಮಾನ್ಯ ವಾಡಿಕೆಯಾಗಿದೆ. ಹೋಗಬೇಕೆಂಬ ಇಚ್ಛೆಯಿದ್ದರೂ ಹೋಗಲಾರದವರು ಇನ್ನೊಂದು ವರ್ಗ. ಹಾಸಿಗೆ ಹಿಡಿದಿರುವ ವೃದ್ಧರು, ಅಂಗವಿಕಲರು, ದಿನಗೂಲಿ ಬಿಟ್ಟು ಬರಲಾರದ ಕಾರ್ಮಿಕರು ಮತ್ತು ಅವರ ಮಕ್ಕಳು ಈ ವರ್ಗಕ್ಕೆ ಸೇರುತ್ತಾರೆ. ಇಂಥವರು ಚಿಕಿತ್ಸಾಲಯಕ್ಕೆ ಬರಲಾರದಿದ್ದಾಗ ಸೇವೆಯೇ ಅವರಿದ್ದಲ್ಲಿಗೆ ಹೋಗಬೇಕೆಂಬುದು ಸಂಚಾರಿ ದಂತ ನೈರ್ಮಲ್ಯ ಸೇವೆಯ ಮೂಲ ತತ್ತ್ವ.

ಕಿಟ್ಟ ಕಟ್ಟುವ ಬಗೆ

ಉಂಡ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಸೂಕ್ಷ್ಮಾಣುಗಳಿಂದ ಕೂಡಿದ ಅಂಟು ಪದರವೊಂದು ಹರಡಿಕೊಳ್ಳುತ್ತದೆ. ಇದನ್ನು ದಂತಪಾಚಿ ಎನ್ನಬಹುದು. ದಿನವೂ ಸರಿಯಾಗಿ ಹಲ್ಲುಜ್ಜಿದರೆ ಇದು ಹೋಗುತ್ತದೆ. ಉಜ್ಜದೆ ಉಳಿದ ಪಾಚಿಯು ಜೊಲ್ಲಿನಲ್ಲಿರುವ ಲವಣಾಂಶಗಳನ್ನು ಹೀರಿಕೊಂಡು ಕೆಲವು ದಿನಗಳಲ್ಲಿಯೇ ಗಟ್ಟಿಯಾಗತೊಡಗುತ್ತದೆ. ದಂತವೈದ್ಯರು ಟಾರ್ಟರ್ ಎಂದು ಕರೆಯುವ ಈ ಕಿಟ್ಟವು ಬ್ರಷ್ಷಿನಿಂದಾಗಲಿ ಬೇವಿನ ಕಡ್ಡಿಯಿಂದಾಗಲಿ ಹೋಗುವಂಥದಲ್ಲ. ಅದರ ಒರಟು ಮೈಮೇಲೆ ಮತ್ತಷ್ಟು ಪಾಚಿ ಸೇರಿ ವಸಡು ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ. ಕ್ರಮೇಣ ಹಲ್ಲಿಗೆ ಆಧಾರವಾದ ಎಲುಬು ಕರಗಿ ಹಲ್ಲು ಅಲುಗಾಡತೊಡಗುತ್ತದೆ. ಮಧುಮೇಹವು ವಸಡಿನ ರೋಗವನ್ನು ಉಲ್ಬಣಗೊಳಿಸುತ್ತದೆ. ವಸಡಿನ ರೋಗವು ಪ್ರತಿಯಾಗಿ ಮಧುಮೇಹದ ಹತೋಟಿಯನ್ನು ಕಠಿಣಗೊಳಿಸುತ್ತದೆ.

ಹಲ್ಲು ಶುಚಿ ಮಾಡಿಸಿದರೆ ಅವು ಸಡಿಲಗೊಳ್ಳುತ್ತವೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಹಲ್ಲನ್ನು ಸಡಿಲಗೊಳಿಸುವುದು ರೋಗವೇ ಹೊರತು ಶುಚಿಕಾರ್ಯವಲ್ಲ. ಬಹುಕಾಲದಿಂದ ಕಟ್ಟಿದ್ದ ಕಿಟ್ಟವು ಹಲ್ಲುಗಳನ್ನು ಒಂದಕ್ಕೊಂದು ಬೆಸೆದಂತೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ಒಳಗೆ ಮೊದಲೇ ಆಗಿದ್ದ ಹಾನಿ ಬೆಳಕಿಗೆ ಬರುತ್ತದೆ, ಅಷ್ಟೆ.

ವೃತ್ತಿಯ ಹುಟ್ಟು ಮತ್ತು ಬೆಳವಣಿಗೆ

ಹಲ್ಲಿನ ಶುಚಿತ್ವವನ್ನೇ ಪ್ರತ್ಯೇಕ ವೃತ್ತಿಯನ್ನಾಗಿ ರೂಪಿಸಿದ ಕೀರ್ತಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ನಗರದ ದಂತವೈದ್ಯ ಡಾ. ಆಲ್ಫ್ರೆಡ್ ಫೋನ್ಸ್ ಅವರಿಗೆ ಸಲ್ಲುತ್ತದೆ. ಅವರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಈ ಕೆಲಸದಲ್ಲಿ ತರಬೇತಿ ನೀಡಿದರು. 1913ರಲ್ಲಿ ಇದಕ್ಕಾಗಿಯೇ ಶಾಲೆಯೊಂದನ್ನು ತೆರೆದರು. ಅಲ್ಲಿ ಕಲಿತು ಹೊರಬಂದ ಮಹಿಳೆಯರಲ್ಲಿ ಅನೇಕರು ಬ್ರಿಜ್‌ಪೋರ್ಟಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲುಗಳನ್ನು ಶುಚಿಗೊಳಿಸಿ, ಹಲ್ಲುಜ್ಜುವ ಕ್ರಮವನ್ನು ಕಲಿಸಿದರು. ಹೀಗೆ ಜನರಿದ್ದಲ್ಲಿಗೆ ಹೋಗಿ ಸೇವೆ ಸಲ್ಲಿಸುವುದು ಈ ವೃತ್ತಿಗೆ ಹುಟ್ಟಿನಿಂದಲೇ ಬಂದ ಗುಣವಾಗಿದೆ.

ಕ್ಯಾಲಿಫೋರ್ನಿಯ ರಾಜ್ಯವು 1998ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವೃದ್ಧಾಶ್ರಮ, ಶಾಲೆ, ರೋಗಿಯ ಮನೆ ಹಾಗೂ ದಂತವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಸ್ವಂತ ಘಟಕ ನಡೆಸಲು ಅನುಭವಿ ನೈರ್ಮಲ್ಯ ತಜ್ಞರಿಗೆ ಅಲ್ಲಿ ಪ್ರತ್ಯೇಕ ಪರವಾನಗಿ ದೊರೆಯುತ್ತದೆ. ಇದಕ್ಕಾಗಿ ಅವರು 150 ಗಂಟೆಗಳ ಹೆಚ್ಚುವರಿ ಶಿಕ್ಷಣ ಪಡೆಯಬೇಕು; ತುರ್ತು ಪ್ರಸಂಗಗಳಲ್ಲಿ ರೋಗಿಯನ್ನು ಕಳುಹಿಸಿಕೊಡಲು ದಂತವೈದ್ಯರೊಬ್ಬರೊಡನೆ ಲಿಖಿತ ಒಪ್ಪಂದವಿರಬೇಕು. ಪರವಾನಗಿಯ ನವೀಕರಣಕ್ಕೆ ಸಾಮಾನ್ಯ ನೈರ್ಮಲ್ಯ ತಜ್ಞರು ಎರಡು ವರ್ಷಗಳಲ್ಲಿ 25 ಗಂಟೆಗಳ ಮುಂದುವರಿದ ಶಿಕ್ಷಣ ಪಡೆದರೆ ಸಾಕು. ಇವರಾದರೋ 35 ಗಂಟೆ ಪಡೆಯಬೇಕು. ಸ್ವಾತಂತ್ರ್ಯ ಹೆಚ್ಚಿದಂತೆ ಕಲಿಕೆಯ ಹೊಣೆಯೂ ಹೆಚ್ಚಬೇಕೆಂಬುದು ಈ ನಿಯಮದ ತಿರುಳು.

ಭಾರತದಲ್ಲಿನ ವ್ಯವಸ್ಥೆ

ನಮ್ಮ ದೇಶದಲ್ಲಿ 1948ರ ದಂತವೈದ್ಯರ ಕಾಯಿದೆಯು ದಂತ ನೈರ್ಮಲ್ಯ ತಜ್ಞರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿತು. ಹಲ್ಲುಗಳ ಕಿಟ್ಟ ತೆಗೆಯುವುದು, ಶುಚಿಗೊಳಿಸುವುದು, ನಯಗೊಳಿಸುವುದು ಮತ್ತು ದಂತ ನೈರ್ಮಲ್ಯದ ಬಗ್ಗೆ ತಿಳಿವಳಿಕೆ ನೀಡುವುದು ಅವರ ಕೆಲಸವೆಂದು ಅದರಲ್ಲಿ ಹೇಳಲಾಯಿತು. ಈ ವರ್ಗಕ್ಕೆ ರಾಜ್ಯಮಟ್ಟದಲ್ಲಿ ನೋಂದಣಿಯ ಏರ್ಪಾಡನ್ನೂ ಮಾಡಲಾಯಿತು. ದಂತವೈದ್ಯಕೀಯ ಶಿಕ್ಷಣ ಮತ್ತು ವೃತ್ತಿಗೆ ಹೊಸ ವ್ಯವಸ್ಥೆ ರೂಪಿಸುವ ಸಲುವಾಗಿ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯಿದೆಯನ್ನು ಅಂಗೀಕರಿಸಿತು. ಸಾರ್ವಜನಿಕ ಕ್ಷೇತ್ರದಲ್ಲಿ, 2014-15ರಿಂದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗಗಳನ್ನು ಬಲಪಡಿಸುವತ್ತ ಗಮನ ಹರಿಸಿದೆ.

ನೈರ್ಮಲ್ಯ ತಜ್ಞರು ದಂತವೈದ್ಯರಲ್ಲ. ರೋಗನಿರ್ಣಯ ಮಾಡುವುದು, ಹಲ್ಲು ಕೀಳುವುದು, ಔಷಧ ಬರೆದುಕೊಡುವುದು ಅವರ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಸಂಚಾರಿ ಘಟಕದ ಹಿಂದೆ ನೋಂದಾಯಿತ ದಂತವೈದ್ಯರ ಮೇಲ್ವಿಚಾರಣೆ ಇರುವುದು ಅತ್ಯವಶ್ಯಕ. ಕರ್ನಾಟಕದಲ್ಲಿ ಶಿಕ್ಷಣ ಪಡೆದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಮೊದಲಾದ ನಗರಗಳಲ್ಲಿ ಕೆಲಸ ಮಾಡಬಯಸುವವರು ಆಯಾ ರಾಜ್ಯದ ನೋಂದಣಿ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸಲಕರಣೆ ಮತ್ತು ಸೋಂಕು ನಿವಾರಣೆ

ಮಡಚಬಹುದಾದ ಕುರ್ಚಿ, ತಲೆಗೆ ಕಟ್ಟಿಕೊಳ್ಳುವ ದೀಪ, ಸಾಗಿಸಬಹುದಾದ ಸ್ಕೇಲರ್ ಯಂತ್ರ, ಜೊಲ್ಲು ಹೀರುವ ಯಂತ್ರ, ಕೈ ಉಪಕರಣಗಳು, ಶುದ್ಧ ನೀರಿನ ಸಂಗ್ರಹ ಮತ್ತು ಆಟೋಕ್ಲೇವ್ ಇವು ಘಟಕಕ್ಕೆ ಬೇಕಾದ ಮುಖ್ಯ ಸಾಮಗ್ರಿಗಳು. ಎಲ್ಲರಿಗೂ ವಾಹನವೇ ಚಿಕಿತ್ಸಾಲಯವಾಗಬೇಕೆಂದಿಲ್ಲ. ಪೆಟ್ಟಿಗೆಗಳಲ್ಲಿ ಒಯ್ದು ರೋಗಿಯ ಕೋಣೆಯಲ್ಲಿಯೇ ಜೋಡಿಸಬಹುದಾದ ಸಲಕರಣೆಗಳಿಂದಲೂ ಕೆಲಸ ಸಾಗುತ್ತದೆ.

ಉಪಕರಣಗಳನ್ನು ನೀರಿನಲ್ಲಿ ಕುದಿಸಿದ ಮಾತ್ರಕ್ಕೆ ಅವು ಸೋಂಕುರಹಿತವಾಗುವುದಿಲ್ಲ; ಕೆಲವು ಸೂಕ್ಷ್ಮಾಣುಗಳ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಬದುಕುಳಿಯುತ್ತವೆ. ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಇರಿಸಬೇಕು. ಕಾಯುವ, ತಣಿಯುವ ಹಾಗೂ ಒಣಗುವ ಕಾಲವನ್ನೂ ಸೇರಿಸಿದರೆ ಒಂದು ಸರದಿಗೆ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಆದುದರಿಂದ ದಿನಕ್ಕೆ ಎಂಟು ಮಂದಿಯನ್ನು ನೋಡುವ ಘಟಕವು ಮೊಹರು ಮಾಡಿದ ಎಂಟು ಜೊತೆ ಉಪಕರಣಗಳನ್ನೂ, ಆಪತ್ಕಾಲಕ್ಕೆ ಒಂದೆರಡು ಹೆಚ್ಚುವರಿ ಜೊತೆಗಳನ್ನೂ ಒಯ್ಯಬೇಕು. ಒಂದೇ ಜೊತೆಯನ್ನು ಒರೆಸಿ ಮುಂದಿನವರಿಗೆ ಬಳಸುವ ಶಿಬಿರವು ಉಚಿತವಾಗಿದ್ದರೂ ಅಪಾಯಕಾರಿಯೇ. ಹೆಪಟೈಟಿಸ್-ಬಿಯಂತಹ ರೋಗಗಳು ರಕ್ತದ ಮೂಲಕ ಹರಡುವುದರಿಂದ ಸಿಬ್ಬಂದಿಯೂ ಲಸಿಕೆ ಪಡೆದಿರಬೇಕು.

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ರಕ್ತಸಿಕ್ತ ಹತ್ತಿಯನ್ನು ಹಳದಿ ಚೀಲದಲ್ಲಿಯೂ, ಕೈಗವಸು ಮತ್ತು ಪ್ಲಾಸ್ಟಿಕ್ ನಳಿಕೆಗಳನ್ನು ಕೆಂಪು ಚೀಲದಲ್ಲಿಯೂ, ಚೂಪಾದ ಲೋಹದ ವಸ್ತುಗಳನ್ನು ತೂತು ಬೀಳದ ಬಿಳಿ ಡಬ್ಬಿಯಲ್ಲಿಯೂ ಬೇರ್ಪಡಿಸಬೇಕು. ಇವುಗಳನ್ನು ರೋಗಿಯ ಮನೆಯ ಕಸದ ಬುಟ್ಟಿಗೆ ಹಾಕಿ ಬರುವುದು ಸಲ್ಲದು.

ಆಯವ್ಯಯದ ಲೆಕ್ಕ

ಸಂಚಾರಿ ಘಟಕದ ಆದಾಯವನ್ನು ನಿರ್ಧರಿಸುವುದು ಮುಖ್ಯವಾಗಿ ಪ್ರಯಾಣ ಮತ್ತು ಜೋಡಣೆಗೆ ತಗಲುವ ಕಾಲ. ದಿನವೊಂದಕ್ಕೆ ನಾಲ್ಕು ಮನೆಗಳಿಗೆ ಹೋದರೆ ನಾಲ್ಕು ಬಾರಿ ಸಲಕರಣೆ ಜೋಡಿಸಿ ಬಿಚ್ಚಬೇಕಾಗುತ್ತದೆ. ಒಂದೇ ವೃದ್ಧಾಶ್ರಮದಲ್ಲಿ ಎಂಟು ಮಂದಿಯನ್ನು ನೋಡಿದರೆ ಈ ಶ್ರಮ ಒಮ್ಮೆಗೆ ಮುಗಿಯುತ್ತದೆ. ವೃದ್ಧಾಶ್ರಮ, ಶಾಲೆ, ಕಾರ್ಖಾನೆಗಳೊಡನೆ ನಿಗದಿತ ದಿನಗಳ ಒಪ್ಪಂದ ಮಾಡಿಕೊಂಡು, ಆ ಆದಾಯದ ಬಲದಿಂದ ಒಂಟಿ ಮನೆಗಳ ಭೇಟಿಯನ್ನು ನಡೆಸುವುದು ವಿವೇಕಯುತ ಕ್ರಮ. ಬಂಡವಾಳಕ್ಕಾಗಿ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಸೇವಾ ವಲಯದ ಕಿರು ಉದ್ಯಮಗಳಿಗೆ ದೊರೆಯುವ ಆಧಾರರಹಿತ ಸಾಲದ ಬಗ್ಗೆ ಬ್ಯಾಂಕುಗಳಲ್ಲಿ ವಿಚಾರಿಸಬಹುದು.

ಎಷ್ಟು ಮಂದಿಯ ಹಲ್ಲು ಶುಚಿಗೊಳಿಸಲಾಯಿತೆಂಬ ಸಂಖ್ಯೆಯೊಂದೇ ಸೇವೆಯ ಅಳತೆಯಲ್ಲ. ಆರು ತಿಂಗಳ ನಂತರ ಅದೇ ಬಾಯಿಯನ್ನು ಮತ್ತೆ ನೋಡುವ ಏರ್ಪಾಡಿಲ್ಲದಿದ್ದರೆ ಕಿಟ್ಟ ಮರಳಿ ಕಟ್ಟಿರುತ್ತದೆ. ರೋಗಿಯ ದಾಖಲೆ, ದಂತವೈದ್ಯರಿಗೆ ಕಳುಹಿಸಿದ ವಿವರ ಮತ್ತು ಮುಂದಿನ ಭೇಟಿಯ ದಿನಾಂಕ ಈ ಮೂರನ್ನೂ ತಪ್ಪದೆ ಬರೆದಿಡಬೇಕು. ಪರಊರಿನಲ್ಲಿ ನೆಲೆಸಿರುವ ಮಕ್ಕಳೊಡನೆ ವಾಸಿಸುವ, ಅಲ್ಲಿನ ಭಾಷೆ ಬಾರದ ವೃದ್ಧ ತಂದೆತಾಯಿಯರಿಗೆ ತಮ್ಮ ನುಡಿಯಲ್ಲಿಯೇ ತಿಳಿಹೇಳುವವರು ದೊರೆತರೆ ಸಲಹೆಯನ್ನು ಪಾಲಿಸುವುದು ಸುಲಭವಾಗುತ್ತದೆ.

ಮುಂದುವರಿದ ಶಿಕ್ಷಣ ಏಕೆ?

ಪದವಿ ಅಥವಾ ಡಿಪ್ಲೊಮಾ ಪಡೆದ ದಿನಕ್ಕೆ ಕಲಿಕೆ ಮುಗಿಯುವುದಿಲ್ಲ. ಹೃದಯದ ತೊಂದರೆಯಿರುವ ಅನೇಕರಿಗೆ ಹಲ್ಲು ಶುಚಿಗೊಳಿಸುವ ಮುನ್ನ ಪ್ರತಿಜೈವಿಕ ಔಷಧ ಕೊಡುವ ಪದ್ಧತಿ ಹಿಂದೆ ಇತ್ತು. ಅಮೆರಿಕದ ಹೃದ್ರೋಗ ಸಂಘವು 2007ರಲ್ಲಿ ಇದನ್ನು ಪರಿಷ್ಕರಿಸಿ, ಕೃತಕ ಕವಾಟ ಅಳವಡಿಸಿಕೊಂಡವರಂತಹ ಅತಿ ಹೆಚ್ಚು ಅಪಾಯವುಳ್ಳವರಿಗೆ ಸೀಮಿತಗೊಳಿಸಿತು. ವಸಡಿನ ರೋಗಗಳ ವರ್ಗೀಕರಣವೇ 2018ರಲ್ಲಿ ಬದಲಾಯಿತು. ಕೊರೆಯದೆಯೇ ಹುಳುಕನ್ನು ತಡೆಹಿಡಿಯಬಲ್ಲ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದು ಹುಳುಕು ಭಾಗವನ್ನು ಕಪ್ಪಾಗಿಸುವುದರಿಂದ, ದಂತವೈದ್ಯರು ಇದನ್ನು ಸೂಚಿಸಿದಾಗ ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. 2020ರ ಕೋವಿಡ್ ಪಿಡುಗು ಸ್ಕೇಲರ್ ಯಂತ್ರದಿಂದ ಚಿಮ್ಮುವ ತುಂತುರಿನ ಅಪಾಯವನ್ನು ಎತ್ತಿ ತೋರಿಸಿತು. ಇಪ್ಪತ್ತು ವರ್ಷಗಳ ಹಿಂದೆ ಕಲಿತುದನ್ನಷ್ಟೇ ನೆಚ್ಚಿಕೊಂಡವರಿಗೆ ಈ ಯಾವುದರ ಅರಿವೂ ಇರಲಾರದು. ಒಂಟಿಯಾಗಿ ಊರೂರು ಸುತ್ತುವವರಿಗೆ ಪಕ್ಕದ ಕೋಣೆಯ ಹಿರಿಯರನ್ನು ಕೇಳುವ ಅನುಕೂಲವೂ ಇಲ್ಲ.

ಸ್ಥಳೀಯ ತಿಳಿವಳಿಕೆಯೂ ಶಿಕ್ಷಣದ ಭಾಗವೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರಿನ ಮೂಲವಿಲ್ಲದ ಕಡೆ ಗರಿಷ್ಠ 1.5 ಮಿಲಿಗ್ರಾಂವರೆಗೆ ಇರಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ತೆಲಂಗಾಣದ ನಲ್ಗೊಂಡ, ಕರ್ನಾಟಕದ ಕೋಲಾರ, ರಾಯಚೂರು ಮುಂತಾದ ಪ್ರದೇಶಗಳ ಕೆಲವು ಭಾಗಗಳಲ್ಲಿ ಈ ಪ್ರಮಾಣ ಮೀರಿ, ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳು ಕಾಣಿಸುತ್ತವೆ. ಈ ಕಲೆ ಕಿಟ್ಟವಲ್ಲ. ಹಲ್ಲಿನ ಹೊರಕವಚದೊಳಗೇ ಸೇರಿದುದು. ಅದನ್ನು ಕೆರೆದು ತೆಗೆಯಲೆತ್ನಿಸಿದರೆ ಹಲ್ಲು ಸವೆಯುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಮಹಾರಾಷ್ಟ್ರದಲ್ಲಿ ಹುರಿದ ಹೊಗೆಸೊಪ್ಪಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯಿದೆ. ಅಂಥವರ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಗಳಾದರೂ ಮಾಯದ ಹುಣ್ಣು ಕಂಡರೆ ಕೂಡಲೇ ವೈದ್ಯರ ಬಳಿ ಕಳುಹಿಸಬೇಕು. ನೈರ್ಮಲ್ಯ ತಜ್ಞರ ಕಣ್ಣು ತಪ್ಪಿದರೆ ಕ್ಯಾನ್ಸರ್ ಗುರುತಿಸುವ ಅವಕಾಶವೇ ತಪ್ಪಿಹೋಗಬಹುದು. ತಂಬಾಕು ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿ ಸೇವೆಯಿದೆ.

ಕಲಿಕೆಗೆ ಹೂಡಿಕೆ

ಶಿಕ್ಷಣಕ್ಕೆ ಮಾಡುವ ವೆಚ್ಚವನ್ನು ಉಳಿದ ಹಣದಿಂದ ಭರಿಸುವೆನೆಂದರೆ ಅದು ಎಂದಿಗೂ ಉಳಿಯುವುದಿಲ್ಲ. ಬಾಡಿಗೆ, ಇಂಧನಗಳಂತೆ ಇದನ್ನೂ ನಿಗದಿತ ವೆಚ್ಚವೆಂದು ಪರಿಗಣಿಸಬೇಕು. ಉದಾಹರಣೆಗೆ, ತಿಂಗಳಿಗೆ 40,000 ರೂಪಾಯಿ ಸ್ವೀಕೃತಿಯಿರುವ ಘಟಕವೊಂದು ಶೇಕಡಾ 5ರಷ್ಟನ್ನು ತೆಗೆದಿಟ್ಟರೆ ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ ಆಗುತ್ತದೆ. ತರಬೇತಿಯ ಶುಲ್ಕ, ಪ್ರಯಾಣ ಮಾತ್ರವಲ್ಲದೆ, ಆ ದಿನಗಳಲ್ಲಿ ತಪ್ಪಿಹೋಗುವ ಸಂಪಾದನೆಯನ್ನೂ ಈ ನಿಧಿಯಿಂದಲೇ ತುಂಬಿಕೊಳ್ಳಬೇಕು.

ಯಾವ ತರಬೇತಿಯನ್ನು ಆರಿಸಿಕೊಳ್ಳಬೇಕೆಂಬುದು ಮುಂದಿನ ಪ್ರಶ್ನೆ. ಸೋಂಕು ನಿವಾರಣೆ, ಪ್ರಾಣರಕ್ಷಕ ಪ್ರಥಮ ಚಿಕಿತ್ಸೆ, ಮಧುಮೇಹಿಗಳು ಮತ್ತು ರಕ್ತ ತೆಳುವಾಗಿಸುವ ಔಷಧ ಸೇವಿಸುವವರ ಆರೈಕೆ ಇವು ಮೊದಲ ಆದ್ಯತೆ ಪಡೆಯಬೇಕು. ಹೊಸ ಯಂತ್ರದ ಮಾರಾಟಕ್ಕಾಗಿ ಏರ್ಪಡಿಸುವ ಪ್ರದರ್ಶನವನ್ನು ಶಿಕ್ಷಣವೆಂದು ಭಾವಿಸಲಾಗದು. ಕೈಕೆಲಸವನ್ನು ಹಿರಿಯರ ಕಣ್ಣೆದುರಿಗೆ ಮಾಡಿ ತಿದ್ದಿಸಿಕೊಳ್ಳುವ ತರಬೇತಿಯು ಉಪನ್ಯಾಸಕ್ಕಿಂತ ಹೆಚ್ಚು ಫಲಕಾರಿ. ದಂತ ಕಾಲೇಜುಗಳು ನಡೆಸುವ ಕಾರ್ಯಾಗಾರಗಳು ಈ ದೃಷ್ಟಿಯಿಂದ ಉಪಯುಕ್ತವಾಗಿವೆ.

ಸಾರ್ವಜನಿಕರೂ ಈ ವಿಷಯದಲ್ಲಿ ಜಾಗೃತರಾಗಿರಬೇಕು. ಮನೆಗೆ ಬಂದವರ ನೋಂದಣಿ ಪತ್ರವನ್ನು ಕೇಳುವುದು, ಮೊಹರು ಮಾಡಿದ ಉಪಕರಣದ ಚೀಲವನ್ನು ತಮ್ಮೆದುರೇ ತೆರೆಯುವಂತೆ ಹೇಳುವುದು, ಮೇಲ್ವಿಚಾರಕ ದಂತವೈದ್ಯರು ಯಾರೆಂದು ತಿಳಿದುಕೊಳ್ಳುವುದು ಅವರ ಹಕ್ಕು. ಈ ಮೂರು ಪ್ರಶ್ನೆಗಳಿಗೆ ಅಳುಕದೆ ಉತ್ತರಿಸುವವರ ಕೈಗೆ ಮನೆಯ ಹಿರಿಯರ ಮತ್ತು ಮಕ್ಕಳ ಬಾಯಿಯ ಆರೋಗ್ಯವನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು.