ಶೇರು ಬಿಟ್ಟು ಕಿಲೋ ಹಿಡಿದ ಜೋಳ

ಮನಗೂಳಿ ಸೀಮೆಯ ಅಡುಗೆಮನೆಯಲ್ಲಿ ಜೋಳಕ್ಕೆ ಇನ್ನೂ ಶೇರು, ಅಚ್ಚೇರು, ಪಾವಶೇರು. ಅದೇ ಜೋಳ ಪೇಟೆ ಸೇರಿದರೆ ಕ್ವಿಂಟಲ್. ಮನೆಯಲ್ಲಿ ಗಾತ್ರ ನೋಡುತ್ತೇವೆ, ಪೇಟೆಯಲ್ಲಿ ತೂಕ. ಇವೆರಡನ್ನೂ ಜೋಡಿಸುವುದು ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ಸಾಂದ್ರತೆ: ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವ ಬೆಲೆ.

ಅಳೆದು ಕೊಡುವ ಪದ್ಧತಿ ಬಹಳ ಹಳೆಯದು. ಮನಗೂಳಿಯ 12ನೇ ಶತಮಾನದ ಶಾಸನಗಳನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ಆ ಕಾಲದ ಕನ್ನಡ ಶಾಸನಗಳಲ್ಲಿ ಕಾಳಿನ ದತ್ತಿಗೆ ಕೊಳಗ, ಮಾನ, ಬಳ್ಳ, ಎಣ್ಣೆಗೆ ಸೊಲ್ಲಗೆ. ಎಲ್ಲವೂ ಪಾತ್ರೆಯ ಅಳತೆಗಳೇ.

ಪಾತ್ರೆಗೆ ಒಂದು ತೊಡಕಿದೆ. ತುಂಬಿದ ಶೇರನ್ನು ಕುಲುಕಿದರೆ ಕಾಳು ಕೆಳಗೆ ಕೂತು, ಮೇಲೆ ಇನ್ನೊಂದು ಹಿಡಿಗೆ ಜಾಗವಾಗುತ್ತದೆ. ಗೋಪುರ ಬಿಟ್ಟು ಅಳೆದರೆ ಒಂದು ಲೆಕ್ಕ, ಕೈಯಾಡಿಸಿ ಸಮ ಮಾಡಿದರೆ ಇನ್ನೊಂದು. ಅಳೆಯುವ ಕೈ ಯಾರದೋ ಲಾಭವೂ ಅವರದೇ. ಸಾಲದ ಕಾಳು ತರುವ ಬಡವರಿಗೆ ಇದು ಸಣ್ಣ ಮಾತಲ್ಲ.

ಕಾಳು ಬದಲಾದರೆ ಲೆಕ್ಕವೂ ಬದಲು. ಒಂದು ಲೀಟರ್ ಪಾತ್ರೆಯಲ್ಲಿ ಗೋಧಿ ಸುಮಾರು 770 ಗ್ರಾಂ ಹಿಡಿಸಿದರೆ, ಜೋಳ 720, ಸೂರ್ಯಕಾಂತಿ 400ರ ಆಸುಪಾಸು. ಅಷ್ಟೇ ನೀರು 1000 ಗ್ರಾಂ. ಹಾಗಾದರೆ ನೀರಿಗಿಂತ ಹಗುರಾದ ಜೋಳ ತೇಲಬೇಕಲ್ಲ? ಗಟ್ಟಿ ಕಾಳು ಮುಳುಗುತ್ತದೆ! ಬಿಡಿ ಕಾಳು ನೀರಿಗಿಂತ ಸಾಂದ್ರ. ಶೇರಿನೊಳಗೆ ಕಾಳುಗಳ ಸಂದಿಯಲ್ಲಿ ಕೂತ ಗಾಳಿಯೂ ಅಳತೆಗೆ ಸೇರುತ್ತದೆ, ತೂಕಕ್ಕೆ ಬರುವುದಿಲ್ಲ. ಈ ವ್ಯತ್ಯಾಸವನ್ನು ಪಠ್ಯದ ಕಬ್ಬಿಣ-ಹತ್ತಿಗಿಂತ ಜೋಳವೇ ಚೆನ್ನಾಗಿ ಕಲಿಸುತ್ತದೆಂದು ನನ್ನ ನಂಬಿಕೆ.

ಬ್ರಿಟಿಷರ ಕಾಲದಲ್ಲಿ ತೂಕದ ಶೇರೂ ಇತ್ತು: 80 ತೊಲ, ಅಂದರೆ ಸುಮಾರು 933 ಗ್ರಾಂ. ಆದರೆ ಸೀಮೆಗೊಂದು ಶೇರು ಬಳಕೆಯಲ್ಲಿತ್ತು, ಅಳತೆಯ ಶೇರು ಬೇರೆಯೇ ಇತ್ತು. ಮನಗೂಳಿ ಇರುವ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ 1956ರಲ್ಲೇ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋ ಬೊಟ್ಟುಗಳು ಹಂತಹಂತವಾಗಿ ದೇಶದ ತಕ್ಕಡಿ ಏರಿದವು. ಕುಲುಕಿದರೂ ಗೋಪುರ ಬಿಟ್ಟರೂ ಕಿಲೋ ಕಿಲೋವೇ.

ಆದರೂ ಕಿಲೋ ನೀರನ್ನೂ ತೂಗುತ್ತದೆ. ಶೇಕಡ 14 ತೇವವಿರುವ 100 ಕಿಲೋ ಜೋಳ ಶೇಕಡ 10ಕ್ಕೆ ಒಣಗಿದರೆ ಉಳಿಯುವುದು 95 ಕಿಲೋ ಚಿಲ್ಲರೆ. ಹಾಗಾಗಿ ಖರೀದಿಯಲ್ಲಿ ತಕ್ಕಡಿಯ ಪಕ್ಕ ತೇವ ಅಳೆಯುವ ಯಂತ್ರವೂ ಬಂದು ಕೂತಿತು.